ಅನಿಯಾರಾ ಮತ್ತು ನಮ್ಮ ‘ಇನ್ನೆರಡು ವರ್ಷ’

ಸ್ವೀಡನ್ನಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಎರಡು ಮಾತು ಬಂದೇ ಬರುತ್ತವೆ. ಒಂದು, ಚಳಿಯ ಮಾತು. ಇನ್ನೊಂದು, “ಇನ್ನೆರಡು ವರ್ಷ ಅಷ್ಟೇ, ಆಮೇಲೆ ಊರಿಗೆ ವಾಪಸ್ಸು” ಎಂಬ ಮಾತು. ನಮ್ಮ ಮನೆಯಲ್ಲಿ ಈ ಎರಡು ವರ್ಷ 2007ರಿಂದ ನಡೆಯುತ್ತಲೇ ಇದೆ! ಈ ಮಾತಿನ ಬಗ್ಗೆ ನಾನು ಗಂಭೀರವಾಗಿ ಯೋಚಿಸುವಂತೆ ಮಾಡಿದ್ದು ಒಂದು ಸ್ವೀಡಿಷ್ ಕಾವ್ಯ. ಅದೂ ಬಾಹ್ಯಾಕಾಶ ಹಡಗಿನ ಕಥೆ ಎಂದರೆ ನೀವು ನಗಬಹುದು.

ಕಾವ್ಯದ ಹೆಸರು ‘ಅನಿಯಾರಾ’. ಬರೆದವರು ಹ್ಯಾರಿ ಮಾರ್ಟಿನ್ಸನ್, ಪ್ರಕಟವಾದದ್ದು 1956ರಲ್ಲಿ. ಒಟ್ಟು 103 ಹಾಡುಗಳು. ಮಗಳಿಗೆ ಶಾಲೆಯಲ್ಲಿ ಓದಲು ಕೊಟ್ಟಿದ್ದರು. ಅವಳ ಮೇಜಿನ ಮೇಲಿದ್ದದ್ದನ್ನು ನಾನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು, ಅವಳಿಂದ ಆಗಾಗ ಹೇಳಿಸಿಕೊಂಡು, ಒಂದು ಚಳಿಗಾಲವಿಡೀ ಓದಿದೆ.

ಕಥೆ ಇಷ್ಟು. ಯುದ್ಧಗಳಿಂದ, ಅಣುವಿಕಿರಣದಿಂದ ಭೂಮಿ ಹಾಳಾಗಿದೆ. ಜನರನ್ನು ಬೇರೆ ಗ್ರಹಗಳಿಗೆ ಸಾಗಿಸುತ್ತಿದ್ದಾರೆ. 8000 ವಲಸಿಗರನ್ನು ಹೊತ್ತು ಮಂಗಳ ಗ್ರಹಕ್ಕೆ ಹೊರಟ ಅನಿಯಾರಾ, ಹೊಂಡೋ ಎಂಬ ಕ್ಷುದ್ರಗ್ರಹಕ್ಕೆ ಡಿಕ್ಕಿಯಾಗುವುದನ್ನು ತಪ್ಪಿಸಿಕೊಳ್ಳಲು ಪಕ್ಕಕ್ಕೆ ತಿರುಗುತ್ತದೆ. ಅಷ್ಟೇ, ಮತ್ತೆ ಸರಿದಾರಿಗೆ ಬರಲಾಗುವುದಿಲ್ಲ. ನಮ್ಮ ಅಭಿಜಿತ್ ನಕ್ಷತ್ರ ಇರುವ ಲೈರಾ ಪುಂಜದ ಕಡೆಗೆ ಹೋಗುತ್ತಲೇ ಇರುತ್ತದೆ, ಒಳಗಿನವರೆಲ್ಲ ತೀರಿಕೊಂಡ ಮೇಲೂ.

ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದ ನಮ್ಮಂಥವರಿಗೆ ಬಾಹ್ಯಾಕಾಶದ ಕಥೆ ಎಂದರೆ ಧೀರ ಕ್ಯಾಪ್ಟನ್, ನಂಬಿಕಸ್ಥ ಸಿಬ್ಬಂದಿ, ಹೊರಗಿನಿಂದ ಬರುವ ಶತ್ರು. ಸಿಬ್ಬಂದಿಯ ಜಗಳ ಕಂತು ಮುಗಿಯುವುದರೊಳಗೆ ಬಗೆಹರಿಯುತ್ತದೆ. ಅನಿಯಾರಾದಲ್ಲಿ ಹೊರಗೆ ಶತ್ರುವೇ ಇಲ್ಲ, ಬರೀ ಶೂನ್ಯ. ಯುದ್ಧ ನಡೆಯುತ್ತಿರುವುದು ಬಿಟ್ಟು ಬಂದ ಮನೆಯಲ್ಲಿ, ಆಮೇಲೆ ಹಡಗಿನವರ ಮನಸ್ಸಿನಲ್ಲಿ.

ಹಡಗಿನಲ್ಲಿ ಮಿಮಾ ಎಂಬ ಯಂತ್ರವಿದೆ. ದೂರದೂರದ ದೃಶ್ಯಗಳನ್ನು ಹಿಡಿದು ತೋರಿಸುತ್ತದೆ. ಜನ ಅದರ ಮುಂದೆ ಕೂತು ದುಃಖ ಮರೆಯುತ್ತಾರೆ, ಅದನ್ನು ದೇವರಂತೆ ಕಾಣುತ್ತಾರೆ. ಅದನ್ನು ನೋಡಿಕೊಳ್ಳುವ ಮಿಮಾರೋಬನೇ ಕಥೆ ಹೇಳುವವನು. ಒಂದು ದಿನ ಮಿಮಾ, ಡೋರಿಸ್‌ಬರ್ಗ್ ಎಂಬ ನಗರ ಬಾಂಬಿಗೆ ನಾಶವಾಗುವುದನ್ನು ತೋರಿಸುತ್ತದೆ. ಅಲ್ಲಿ ಸತ್ತವರಲ್ಲಿ ಕಿವುಡನೊಬ್ಬ ತಾನು ಕೇಳಿದ ಸದ್ದನ್ನೂ, ಕುರುಡನೊಬ್ಬ ತಾನು ಕಂಡ ಬೆಳಕನ್ನೂ ಹೇಳುತ್ತಾರೆ. ಆ ಭಾಗ ಓದಿ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ಕಂಡದ್ದನ್ನು ಸಹಿಸಲಾರದೆ ಮಿಮಾ ತಾನೇ ನುಚ್ಚುನೂರಾಗುತ್ತದೆ. ಮನುಷ್ಯರಿಗಿಂತ ಯಂತ್ರಕ್ಕೇ ಹೆಚ್ಚು ಆತ್ಮಸಾಕ್ಷಿ!

ಇದನ್ನು ಬರೆದವರು ಬಾಹ್ಯಾಕಾಶ ನೋಡದಿದ್ದರೂ ಹಡಗು ನೋಡಿದ್ದರು. ಮಾರ್ಟಿನ್ಸನ್ 1904ರಲ್ಲಿ ಬ್ಲೇಕಿಂಗೆ ಪ್ರಾಂತ್ಯದಲ್ಲಿ ಹುಟ್ಟಿದವರು. ತಂದೆ ಸತ್ತರು, ತಾಯಿ ಮಕ್ಕಳನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಕಂಡವರ ಮನೆಗಳಲ್ಲಿ ಬೆಳೆದ ಹುಡುಗ ಹದಿಹರೆಯದಲ್ಲಿ ಹಡಗು ಸೇರಿ, ವರ್ಷಗಟ್ಟಲೆ ಸಮುದ್ರ ಸುತ್ತಿದ. ನಮ್ಮ ಭಾರತಕ್ಕೂ ಬಂದಿದ್ದ. ಮುಂದೆ 1974ರಲ್ಲಿ ಐವಿಂಡ್ ಯೋನ್ಸನ್ ಜೊತೆ ನೊಬೆಲ್ ಹಂಚಿಕೊಂಡರು. ‘ಅನಿಯಾರಾ’ 1959ರಲ್ಲಿ ಸ್ಟಾಕ್‌ಹೋಮಿನಲ್ಲಿ ಬ್ಲೂಮ್‌ಡಾಲ್ ಅವರ ಸಂಗೀತದಲ್ಲಿ ಅಪೆರಾ ಆಯಿತು. 2019ರಲ್ಲಿ ಸ್ವೀಡನ್ ಒಂದು ನಕ್ಷತ್ರಕ್ಕೆ ಅನಿಯಾರಾ ಎಂದೂ ಅದರ ಗ್ರಹಕ್ಕೆ ಇಸಾಗೆಲ್ ಎಂದೂ ಹೆಸರಿಟ್ಟಿತು. ಇಸಾಗೆಲ್ ಹಡಗಿನ ಪೈಲಟ್, ಮಿಮಾರೋಬ ಪ್ರೀತಿಸುವ ಹೆಣ್ಣು.

ಪುಸ್ತಕ ಮುಗಿದ ಮೇಲೆ ಪೆಲ್ಲಾ ಕೋಗರ್‌ಮನ್ ಮತ್ತು ಹ್ಯೂಗೋ ಲಿಲ್ಯಾ ನಿರ್ದೇಶಿಸಿದ 2018ರ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಅದರಲ್ಲಿ ಮಿಮಾರೋಬ್ ಒಬ್ಬ ಹೆಂಗಸು. ಹಡಗಿನ ಒಳಗೆಲ್ಲ ನಾವು ಓಡಾಡುವ ಮಾಲ್‌ಗಳಂತೆ, ಫಿನ್‌ಲೆಂಡಿಗೆ ಹೋಗುವ ಫೆರ್ರಿಯಂತೆ ಕಾಣುತ್ತದೆ. ದಾರಿ ತಪ್ಪಿದ ಮೇಲೆ ಕ್ಯಾಪ್ಟನ್ ಶೆಫೋನೆ ಪ್ರಯಾಣಿಕರನ್ನು ಸಮಾಧಾನ ಮಾಡುತ್ತಾನೆ: ಯಾವುದಾದರೂ ಆಕಾಶಕಾಯ ಸಿಕ್ಕರೆ ಅದನ್ನು ಸುತ್ತಿ ವಾಪಸ್ಸಾಗಬಹುದು, ಹೆಚ್ಚೆಂದರೆ ಎರಡು ವರ್ಷ! ನಮ್ಮವರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗಳು ಮಾತ್ರ ಜೋರಾಗಿ ನಕ್ಕಳು.

ಮಿಮಾರೋಬಳ ಜೊತೆ ಕೋಣೆ ಹಂಚಿಕೊಂಡ ಖಗೋಳಜ್ಞೆಗೆ ನಿಜ ಗೊತ್ತು, ಅಂಥ ಆಕಾಶಕಾಯ ಸಿಗುವುದಿಲ್ಲ. ಅವಳು ಹೇಳಿದ ಮೇಲೆ ಮಿಮಾರೋಬಳಿಗೂ ಗೊತ್ತು. ಇಲ್ಲಿಂದ ಶುರು ನಿಜವಾದ ಸಂಕಟ. ಗೊತ್ತಿರುವವರು ಗೊತ್ತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಬೇಕು. ಹೇಳಿದರೆ ಜನ ಎದೆಯೊಡೆದುಕೊಳ್ಳುತ್ತಾರೆ, ಹೇಳದಿದ್ದರೆ ಒಬ್ಬರನ್ನೊಬ್ಬರು ನಂಬುವುದು ಹೇಗೆ? ಸಿಬ್ಬಂದಿ ಒಡೆದುಹೋದದ್ದು ಅನ್ನ ನೀರಿನ ಕೊರತೆಯಿಂದಲ್ಲ, ಆಡಬೇಕಾದ ಮಾತನ್ನು ಆಡಬೇಕಾದ ಹೊತ್ತಿನಲ್ಲಿ ಆಡದೆ ಎಂದು ನನಗನ್ನಿಸಿತು.

ಇದೇ ದಿನಗಳಲ್ಲಿ ಸಾಗರದಿಂದ ತಮ್ಮನ ಫೋನು ಬಂತು. ಹಂಚಿನ ಮನೆ ಮಳೆಗಾಲ ತಡೆಯುತ್ತಿಲ್ಲ, ಅಮ್ಮ ಒಬ್ಬಳೇ ಇರುವುದು ಇನ್ನು ಸಾಧ್ಯವಿಲ್ಲ, ಮೈಸೂರಿಗೆ ತನ್ನ ಜೊತೆ ಕರೆದೊಯ್ಯುತ್ತಾನೆ, ಮನೆ ಕೊಳ್ಳುವವರು ಸಿಕ್ಕಿದ್ದಾರೆ, ನನ್ನ ಪಾಲಿಗೆ ಅಧಿಕಾರ ಪತ್ರ ಬೇಕು. ನಮ್ಮವರು ಆ ಮನೆಯ ಹಿತ್ತಿಲಲ್ಲಿ ನಿವೃತ್ತಿಯ ನಂತರ ಇರಲು ಎರಡು ಕೋಣೆಯ ಮನೆಗೆ ನಕ್ಷೆ ಬರೆದಿಟ್ಟಿದ್ದರು! ಎರಡು ವಾರ ನಾವಿಬ್ಬರೂ ಆ ಮಾತೇ ಎತ್ತಲಿಲ್ಲ. ಊಟ ಮುಗಿಸಿ ಅವರು ಟೀವಿಯಲ್ಲಿ ಕನ್ನಡ ವಾರ್ತೆ, ನಾನು ಫೋನಿನಲ್ಲಿ ಜೋಗದ ವಿಡಿಯೋ. ನಮ್ಮ ನಮ್ಮ ಮಿಮಾ ನಮ್ಮ ನಮ್ಮ ಕೈಯಲ್ಲಿ.

ಒಂದು ರಾತ್ರಿ ಮಗಳು ಊಟದ ನಡುವೆ ಕೇಳಿದಳು: “ಅಪ್ಪಾ, ನಾವು ವಾಪಸ್ ಹೋಗ್ತೀವಾ ಇಲ್ವಾ? ನಿಜ ಹೇಳಿ.”

ಅವರು ಸ್ವಲ್ಪ ಹೊತ್ತು ತಟ್ಟೆ ನೋಡುತ್ತ ಕೂತಿದ್ದು, “ಇಲ್ಲ ಪುಟ್ಟಿ, ಹೋಗಲ್ಲ ಅನ್ಸುತ್ತೆ” ಎಂದರು. ಹದಿನೆಂಟು ವರ್ಷಕ್ಕೂ ಮೇಲಾದ ಈ ಸಂಸಾರದಲ್ಲಿ ಆ ವಾಕ್ಯ ಅದೇ ಮೊದಲ ಸಲ ಕಿವಿಗೆ ಬಿದ್ದದ್ದು. ನನಗೆ ಅಳು ಬಂತು. ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು.

“ಹಾಗಾದ್ರೆ ಯಾವ ಊರು ಅಂತ ಯಾರಾದ್ರೂ ಕೇಳಿದ್ರೆ ನಾನು ಇದೇ ಊರು ಅನ್ನಬಹುದಾ?” ಎಂದಳು ಮಗಳು. ಇಷ್ಟು ವರ್ಷ ಅವಳು ಅದಕ್ಕೂ ನಮ್ಮ ಅಪ್ಪಣೆ ಕಾಯುತ್ತಿದ್ದಳು! ಅವತ್ತು ಮೂರೂ ಜನ ರಾತ್ರಿ ಒಂದರವರೆಗೆ ಮಾತಾಡಿದೆವು. ಅಮ್ಮನನ್ನು ನೋಡಲು ಯಾವಾಗ ಯಾರು ಹೋಗುವುದು, ಬೇಸಿಗೆಯಲ್ಲಿ ಕರೆಸಿಕೊಳ್ಳಲು ಆಗುತ್ತದೆಯೇ, ಕಷ್ಟ ಬಂದರೆ ಹೊರಡಲು ಎಷ್ಟು ದುಡ್ಡು ತೆಗೆದಿಡಬೇಕು, ಎಲ್ಲ ಲೆಕ್ಕ ಹಾಕಿದೆವು. “ಇನ್ನೆರಡು ವರ್ಷ” ಎನ್ನುತ್ತಿದ್ದಾಗ ಇದೊಂದನ್ನೂ ಲೆಕ್ಕ ಹಾಕುವ ಅಗತ್ಯವೇ ಬಿದ್ದಿರಲಿಲ್ಲ.

ಮುಂದಿನ ವಾರ ಸ್ಟಾಕ್‌ಹೋಮಿನ ನಮ್ಮ ರಾಯಭಾರ ಕಚೇರಿಗೆ ಹೋಗಿ ಸಹಿ ಹಾಕಿ ಬಂದೆ. ಅಮ್ಮನಿಗೆ ಫೋನು ಮಾಡಿ ಹೇಳಿದೆ. “ಆಯ್ತಲ್ಲ, ಒಳ್ಳೇದು. ಅಟ್ಟದ ಮೇಲೆ ತಾಮ್ರದ ಹಂಡೆ ಇದೆ, ನಿಂಗೆ ಬೇಕೋ ತಮ್ಮಂಗೆ ಕೊಡ್ಲೋ?” ಎಂದಳು ಅಮ್ಮ.

ಎಲ್ಲರೂ ಇಲ್ಲೇ ಉಳಿಯಬೇಕು ಎಂದು ನಾನು ಹೇಳುತ್ತಿಲ್ಲ. ಹೋಗುವವರು ಸಂತೋಷವಾಗಿ ಹೋಗಲಿ. ಹೋಗುವುದೋ ಇರುವುದೋ, ಮನೆಯವರೆಲ್ಲ ಕೂತು ಒಮ್ಮೆ ಬಾಯಿಬಿಟ್ಟು ಮಾತಾಡಿ ಎನ್ನುತ್ತೇನೆ ಅಷ್ಟೇ. ಬಿಡುವಾದಾಗ ‘ಅನಿಯಾರಾ’ ಓದಿ, ಇಂಗ್ಲಿಷ್ ಅನುವಾದವೂ ಇದೆ. ಚಿತ್ರ ನೋಡುವುದಾದರೆ ಚಿಕ್ಕ ಮಕ್ಕಳನ್ನು ಮಲಗಿಸಿ ನೋಡಿ.