ಪೀಣ್ಯದ ಬಾಕಿ ಬಿಲ್ಲುಗಳು

2008ರಲ್ಲಿ ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಾಲ್ಕು ಲೇತು, ಒಂದು ಮಿಲ್ಲಿಂಗ್, ಸಾಲ ಮಾಡಿ ತಂದ ಒಂದು ಸಿಎನ್‌ಸಿ. ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಬುಶ್, ಪಿನ್ನು ಮಾಡಿಕೊಡುವ ಜಾಬ್ ವರ್ಕ್. ಆಗಸ್ಟಿನವರೆಗೂ ಓಟಿಗೆ (ಓವರ್‌ಟೈಮಿಗೆ) ಜನ ಸಾಲುತ್ತಿರಲಿಲ್ಲ. ಎಲ್ಲಿ ನೋಡಿದರೂ ಗೇಟಿನ ಮೇಲೆ ‘ಟರ್ನರ್ ಬೇಕಾಗಿದ್ದಾರೆ’ ಬೋರ್ಡು.

ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ದಿವಾಳಿ ಎದ್ದಾಗ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಬ್ಯಾಂಕಿಗೂ ನಮ್ಮ ಬುಶ್‌ಗೂ ಎಲ್ಲಿಯ ನೆಂಟಸ್ತಿಕೆ? ದೀಪಾವಳಿ ಕಳೆಯುವಷ್ಟರಲ್ಲಿ ಗೊತ್ತಾಯಿತು. ಕಂಪನಿಯ ಆರ್ಡರಿನ ಶೆಡ್ಯೂಲ್ ಅರ್ಧಕ್ಕಿಳಿಯಿತು. ಮೊದಲು ಓಟಿ ನಿಂತಿತು, ಆಮೇಲೆ ರಾತ್ರಿ ಪಾಳಿ. ‘ಸುಗ್ಗಿ ಮುಗಿಸ್ಕೊಂಡ್ ಬರ್ತೀವ್ರಿ ಸರ’ ಅಂತ ಗದಗ, ಕೊಪ್ಪಳದ ಹುಡುಗರು ಊರಿಗೆ ಹೊರಟರು. ಲೇತಿನಡಿ ಬೀಳುವ ಚಿಪ್ಸ್ ಮಾರಿದ ದುಡ್ಡಲ್ಲೇ ನಮ್ಮ ಟೀ ಖರ್ಚು ನಡೆಯುತ್ತಿತ್ತು; ಸ್ಕ್ರ್ಯಾಪ್ ರೇಟೂ ಕುಸಿದು ಅದಕ್ಕೂ ಕಲ್ಲು ಬಿತ್ತು.

ಕೆಲಸ ಕಡಿಮೆಯಾದದ್ದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಮಾಡಿಕೊಟ್ಟ ಕೆಲಸದ ದುಡ್ಡು ಬಾರದಿದ್ದದ್ದೇ ನಮ್ಮನ್ನು ಹಣ್ಣು ಮಾಡಿತು. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಯ್ದೆ ಜೋರಾಗಿಯೇ ಇತ್ತು, ಕಂಪನಿಯ ಸ್ಟೋರ್ಸ್‌ನವರು ಅದಕ್ಕಿಂತ ಜೋರಿದ್ದರು. ಮಾಲು ಇಳಿಸಿಕೊಳ್ಳುವರು, ಡೆಲಿವರಿ ಚಲನ್ ಮೇಲೆ ಗೇಟಿನ ಸೀಲು ಒತ್ತುವರು, ಮಾಲು ಬಂದಿದೆಯೆಂದು ದಾಖಲಿಸುವ ಜಿಆರ್‌ಎನ್ ಮಾತ್ರ ಮಾಡರು. ಜಿಆರ್‌ಎನ್ ಆಗದೆ ಬಿಲ್ಲು ಅಕೌಂಟ್ಸ್‌ಗೆ ಹೋಗದು; ಅಲ್ಲಿಗೆ ಹೋಗುವ ತನಕ ಅವರ ಲೆಕ್ಕದಲ್ಲಿ ಮೊದಲನೇ ದಿನವೇ ಹುಟ್ಟಿಲ್ಲ. ಫೈಲು ಹಿಡಿದು ಹೋದರೆ, ‘ಫಂಡ್ ರಿಲೀಸ್ ಆಗಿಲ್ಲ, ಮುಂದಿನ ವಾರ ಬನ್ನಿ.’ ದೂರು ಕೊಡಲು ಫೆಸಿಲಿಟೇಷನ್ ಕೌನ್ಸಿಲ್ ಇತ್ತು. ಕೊಡೋಣವೇ ಎಂದು ಯಜಮಾನರನ್ನು ಕೇಳಿದೆ.

‘ಕೇಸೇನೋ ಗೆಲ್ತೀವಿ ಕಣಪ್ಪಾ. ಆಮೇಲೆ ಬುಶ್ ಯಾರಿಗೆ ಮಾಡೋದು?’

ಪೇಪರಿನಲ್ಲಿ ಮಾತ್ರ ದಿನಕ್ಕೊಂದು ಸಿಹಿಸುದ್ದಿ. ಶೇ 9ರಷ್ಟಿದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕ್ 2009ರ ಏಪ್ರಿಲ್ ಹೊತ್ತಿಗೆ ಶೇ 4.75ಕ್ಕೆ ತಂದಿತು. 2008ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಎಕ್ಸೈಸ್ ಸುಂಕ ಇಳಿಸಿತು. ಒಂದೂವರೆ ಕೋಟಿಯೊಳಗಿನ ವಹಿವಾಟಿನ ನಮಗೆ ಎಕ್ಸೈಸೇ ಇರಲಿಲ್ಲ, ಇಳಿದರೆಷ್ಟು, ಬಿಟ್ಟರೆಷ್ಟು. ಅಡಮಾನವಿಲ್ಲದ ಸಾಲದ ಖಾತರಿ ಮಿತಿ 50 ಲಕ್ಷದಿಂದ 1 ಕೋಟಿಗೆ ಏರಿತು. ಆ ಕತ್ತರಿಸಿದ ಸುದ್ದಿಯನ್ನೇ ಹಿಡಿದು ಬ್ಯಾಂಕಿಗೆ ಹೋದ ಯಜಮಾನರಿಗೆ ಮ್ಯಾನೇಜರು ಕೇಳಿದ್ದು, ‘ಸೈಟ್ ಗೀಟ್ ಏನಾದ್ರೂ ಇದೆಯಾ?’ ಅದಕ್ಕಿಂತ ಹೊಟ್ಟೆ ಉರಿಸಿದ್ದು ನಮ್ಮ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯ ಲೆಕ್ಕ. ಡ್ರಾಯಿಂಗ್ ಪವರ್, ಅಂದರೆ ಎಷ್ಟು ಹಣ ತೆಗೆಯಬಹುದೆಂಬ ಮಿತಿ, ನಿಗದಿ ಮಾಡುವಾಗ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಎಣಿಕೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಕಂಪನಿ ದುಡ್ಡು ತಡೆದಷ್ಟೂ ನಮ್ಮ ಮಿತಿ ಕುಗ್ಗುತ್ತಿತ್ತು. ದೊಡ್ಡವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವರು ನಾವು, ಸಾಲಕ್ಕೆ ಅರ್ಹರಲ್ಲ ಎನಿಸಿಕೊಂಡವರೂ ನಾವೇ. ಫೆಬ್ರವರಿ ಸಂಬಳ ಬಟವಾಡೆಯಾದದ್ದು ಒಂದು ಲೇತು ಮಾರಿ. ಹಳೆ ಮೆಷಿನ್ ಡೀಲರು ಅದನ್ನು ತೂಕದ ಲೆಕ್ಕದಲ್ಲಿ ಕೇಳಿದ.

2009ರ ಕೊನೆಗೆ ಶೆಡ್ಯೂಲ್ ಮತ್ತೆ ಬರತೊಡಗಿತು. ಹಳೆಯ ಪರ್ಚೇಸ್ ಆರ್ಡರಿನಲ್ಲಿ ಪೇಮೆಂಟ್ 30 ದಿನ ಎಂದಿತ್ತು. ಹೊಸದರಲ್ಲಿ ಅಚ್ಚುಕಟ್ಟಾಗಿ 90 ಎಂದು ಟೈಪಾಗಿತ್ತು. ಕಷ್ಟಕಾಲದಲ್ಲಿ ಬಾಯಿಮಾತಿಗೆ ಒಪ್ಪಿದ್ದು ವ್ಯಾಪಾರದ ಪದ್ಧತಿಯೇ ಆಗಿಹೋಯಿತು. ಅಕ್ಕಪಕ್ಕದ ಕೆಲವರು ಮೆಷಿನ್ ಮಾರಿ ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೊಟ್ಟರು. ಬಾಡಿಗೆಯಾದರೆ ತಿಂಗಳು ತಿಂಗಳು ಬರುತ್ತದೆ. ಅವರ ಲೆಕ್ಕ ತಪ್ಪೆಂದು ನನಗೆ ಅನಿಸಿಲ್ಲ.

ಈಗ ಆ ಶಾಪನ್ನು ಯಜಮಾನರ ಮಗ ನೋಡಿಕೊಳ್ಳುತ್ತಾರೆ, ಜಿಎಸ್‌ಟಿ ಲೆಕ್ಕಕ್ಕೆ ನಾನು ಆಗಾಗ ಹೋಗುತ್ತೇನೆ. 2023–24ರಿಂದ ಆದಾಯ ತೆರಿಗೆ ಕಾಯ್ದೆಗೆ ಹೊಸ ಕಲಮು ಸೇರಿತು. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳ ಬಿಲ್ಲನ್ನು 45 ದಿನದೊಳಗೆ ತೀರಿಸದ ಕಂಪನಿ, ಹಣ ಕೊಡುವ ವರ್ಷದ ತನಕ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಆ ಮಾರ್ಚಿನಲ್ಲಿ ಕಂಪನಿಯ ಪರ್ಚೇಸ್‌ನವರ ಫೋನು ಬಂತು. ‘ನಿಮ್ಮ ಬಿಲ್ ಮೇಲಿರೋ ಉದ್ಯಮ್ ನಂಬರ್ ತೆಗೆದುಬಿಡಿ ಸರ್. ಇಲ್ಲಾಂದ್ರೆ ನಾವು ವೆಂಡರ್ ಬದಲಾಯಿಸಬೇಕಾಗುತ್ತೆ.’

ತೆಗೆದೆವು.