ಲ್ಯಾಸರ್ಟೈನ್: ಒಂದು ವಿರಳ ವಿಶೇಷಣದ ಸುತ್ತ

ಪ್ರಾಣಿಗಳ ಹೆಸರಿನಿಂದ ಹುಟ್ಟಿದ ವಿಶೇಷಣಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಹಸುವಿನಂಥದು ಬೋವೈನ್, ನಾಯಿಯಂಥದು ಕೇನೈನ್, ಬೆಕ್ಕಿನಂಥದು ಫೀಲೈನ್. ನಾಮಪದ ಮನೆಮಾತಿನದು, ವಿಶೇಷಣ ಮಾತ್ರ ಲ್ಯಾಟಿನ್ನಿನದು. ಕನ್ನಡಕ್ಕೂ ಈ ಏರ್ಪಾಡು ಅಪರಿಚಿತವಲ್ಲ. ‘ಹಸು’ ತದ್ಭವವಾದರೆ ಅದರಿಂದ ದೊರೆಯುವುದು ‘ಗವ್ಯ’. ಇದೇ ಬಳಗದ, ಆದರೆ ಬಳಕೆಯಲ್ಲಿ ಅತಿ ವಿರಳವಾದ ಒಂದು ಪದ ‘ಲ್ಯಾಸರ್ಟೈನ್’. ನಿಘಂಟು ಕೊಡುವ ಅರ್ಥ ಸರಳ: ಹಲ್ಲಿಯಂತಹ, ಹಲ್ಲಿಗೆ ಸಂಬಂಧಿಸಿದ. ತೊಡಕು ಆರಂಭವಾಗುವುದು ಈ ಸರಳತೆಯಿಂದಲೇ.

ಪದದ ಮೂಲ ಲ್ಯಾಟಿನ್ನಿನ ‘ಲಕೆರ್ಟಾ’. ಸ್ಪ್ಯಾನಿಷ್ ಭಾಷೆಯಲ್ಲಿ ಇದು ‘ಲಗಾರ್ತೊ’ ಆಯಿತು. ಅಮೆರಿಕದ ಮೊಸಳೆಯನ್ನು ಕಂಡ ಸ್ಪೇನಿನವರು ಅದನ್ನು ‘ಎಲ್ ಲಗಾರ್ತೊ’ ಎಂದು ಕರೆದರು. ಇಂಗ್ಲಿಷರ ನಾಲಗೆಯ ಮೇಲೆ ಅದೇ ‘ಆಲಿಗೇಟರ್’ ಎಂದು ನಿಂತಿತು. ಗ್ರೀಕಿನ ‘ಸೌರೋಸ್’ ಇದೇ ಅರ್ಥದ ಇನ್ನೊಂದು ಪದ. 1842ರಲ್ಲಿ ರಿಚರ್ಡ್ ಓವೆನ್ ‘ಡೈನೋಸಾರ್’ ಎಂಬ ಹೆಸರನ್ನು ಕಟ್ಟಿದ್ದು ಇದರಿಂದ. ಗ್ರೀಕ್ ಪದ ಭೀಕರದ ಕಡೆಗೆ ಸಾಗಿ ಮಕ್ಕಳ ಬಾಯಲ್ಲೂ ನೆಲೆಯೂರಿತು. ಲ್ಯಾಟಿನ್ ವಿಶೇಷಣ ಗ್ರಂಥಗಳಲ್ಲೇ ಉಳಿಯಿತು.

ಈ ಪದಕ್ಕೆ ಅಂಟಿಕೊಂಡೇ ಇನ್ನೊಂದು ಪದವಿದೆ, ‘ಲ್ಯಾಸರ್ಟಿಲಿಯನ್’. ಎರಡನ್ನೂ ಒಂದೇ ಎಂದು ಭಾವಿಸುವುದು ಸುಲಭ. ಆದರೆ ಮೊದಲನೆಯದು ಮುಖ್ಯವಾಗಿ ಹೋಲಿಕೆಯನ್ನೂ ಎರಡನೆಯದು ಕುಲವನ್ನೂ ಸೂಚಿಸುತ್ತದೆ. ಇಂಗ್ಲೆಂಡಿನ ‘ಸ್ಲೋ ವರ್ಮ್’ ಕಾಲಿಲ್ಲದ ಜೀವಿ, ನೋಟಕ್ಕೆ ಹಾವು. ಕುಲದಿಂದ ಅದು ಲ್ಯಾಸರ್ಟಿಲಿಯನ್. ರೂಪದಿಂದ ಲ್ಯಾಸರ್ಟೈನ್ ಅಲ್ಲ. ಸಾಲಮ್ಯಾಂಡರ್ ಇದಕ್ಕೆ ವಿರುದ್ಧ. ಅದು ಕಪ್ಪೆಯಂತೆ ಉಭಯಚರ. ಆದರೆ ರೂಪದಲ್ಲಿ ಅಚ್ಚುಕಟ್ಟಾಗಿ ಲ್ಯಾಸರ್ಟೈನ್. ಈ ರೂಪಸಾಮ್ಯಕ್ಕೆ ದೊಡ್ಡವರೂ ಒಳಗಾಗಿದ್ದರು. ಲಿನೇಯಸ್ 1758ರ ತನ್ನ ಜೀವವರ್ಗೀಕರಣದಲ್ಲಿ ಮೊಸಳೆಯನ್ನೂ ಸಾಲಮ್ಯಾಂಡರನ್ನೂ ‘ಲಕೆರ್ಟಾ’ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದ. ವಿಜ್ಞಾನ ಅವುಗಳನ್ನು ಬೇರ್ಪಡಿಸಿದ ಮೇಲೆ ಹೋಲಿಕೆಯನ್ನು ಹೇಳಲು ಒಂದು ಪದ, ಸಂಬಂಧವನ್ನು ಹೇಳಲು ಇನ್ನೊಂದು ಪದ ಅಗತ್ಯವಾದವು.

ಲ್ಯಾಸರ್ಟೈನ್ ನಿಜವಾಗಿ ಜೀವಂತವಾಗಿರುವುದು ಪ್ರಾಣಿಶಾಸ್ತ್ರದಲ್ಲಿ ಅಲ್ಲ, ಕಲಾಚರಿತ್ರೆಯಲ್ಲಿ. ಎಂಟನೆಯ ಶತಮಾನದ ಆರಂಭದ ಲಿಂಡಿಸ್‌ಫಾರ್ನ್ ಸುವಾರ್ತೆಗಳು, ಸುಮಾರು 800ರ ‘ಬುಕ್ ಆಫ್ ಕೆಲ್ಸ್’ ಮುಂತಾದ ಹಸ್ತಪ್ರತಿಗಳ ಪುಟಗಳಲ್ಲಿ ಪ್ರಾಣಿಗಳ ದೇಹ ಪಟ್ಟಿಯಂತೆ ನೀಳವಾಗಿ, ಒಂದರೊಳಗೊಂದು ಹೆಣೆದುಕೊಂಡು, ಕೊನೆಗೆ ಬಾಲ ಯಾವುದು, ಕಾಲು ಯಾವುದು ಎಂದು ಬೆರಳಿಟ್ಟು ಹುಡುಕಬೇಕಾಗುತ್ತದೆ. ಈ ಬಗೆಯ ಹೆಣಿಗೆಯನ್ನು ಕಲಾವಿಮರ್ಶಕರು ಲ್ಯಾಸರ್ಟೈನ್ ಎಂದು ಕರೆದರು. ಅಲ್ಲಿರುವ ಪ್ರಾಣಿಗಳಲ್ಲಿ ಅನೇಕವು ಹಲ್ಲಿಗಳೇ ಅಲ್ಲ. ಕೆಲವಕ್ಕೆ ನಾಯಿಯ ಮೂತಿ ಇದೆ. ಪದವು ಇಲ್ಲಿ ಪ್ರಾಣಿಯನ್ನು ಬಿಟ್ಟು ರೇಖೆಯ ಬಳುಕನ್ನು ಹಿಡಿದಿದೆ. ಇಂತಹ ವಾಕ್ಯವನ್ನು ‘ಹಲ್ಲಿಯಂತಹ ಅಲಂಕಾರ’ ಎಂದು ಕನ್ನಡಕ್ಕೆ ತಂದರೆ ಓದುಗನ ಕಣ್ಣಿಗೆ ಬರುವುದು ಗೋಡೆಯ ಮೇಲೆ ಲೊಚಗುಟ್ಟುವ, ಪಂಚಾಂಗದಲ್ಲಿ ಶಕುನಫಲ ಪಡೆದ ಮನೆಹಲ್ಲಿ. ಯುರೋಪಿನ ಲಕೆರ್ಟಾ ಕಲ್ಲಿನ ಮೇಲೆ ಬಿಸಿಲು ಕಾಯುವ ಜೀವಿ. ಹಲ್ಲಿಗಿಂತ ನಮ್ಮ ಓತಿ, ಹಾವುರಾಣಿಗಳ ನಡೆಗೆ ಹತ್ತಿರ. ಅನುವಾದಕನು ಅಲ್ಲಿ ‘ನೀಳದೇಹದ ಪ್ರಾಣಿಹೆಣಿಗೆ’ ಎಂದರೆ ಪದ ತಪ್ಪಿದರೂ ಪದಾರ್ಥ ದಕ್ಕುತ್ತದೆ.

ಹಲ್ಲಿಯ ಹೆಸರು ನ್ಯಾಯಶಾಸ್ತ್ರವನ್ನೂ ಹೊಕ್ಕಿದೆ. ಮೈಮೇಲೆ ನಕ್ಷತ್ರದಂತಹ ಚುಕ್ಕೆಗಳಿರುವ ಹಲ್ಲಿಗೆ ಲ್ಯಾಟಿನ್ನಿನಲ್ಲಿ ‘ಸ್ಟೆಲಿಯೊ’ ಎಂದು ಹೆಸರು. ಅದು ತಾನು ಬಿಟ್ಟ ಪೊರೆಯನ್ನು ಮನುಷ್ಯರಿಗೆ ಔಷಧವಾಗಿ ದಕ್ಕದಿರಲೆಂದು ತಾನೇ ತಿನ್ನುತ್ತದೆ ಎಂದು ಪ್ಲಿನಿ ಬರೆದ. ವಂಚಕನಿಗೆ ಆ ಹೆಸರು ಬೈಗುಳವಾಯಿತು. ರೋಮನ್ ಕಾನೂನಿನಲ್ಲಿ ‘ಸ್ಟೆಲಿಯೊನಾಟುಸ್’ ಎಂದರೆ ಬೇರೆ ಹೆಸರಿಲ್ಲದ ಮೋಸ; ಒಬ್ಬನಿಗೆ ಅಡವಿಟ್ಟದ್ದನ್ನು ಮರೆಮಾಚಿ ಇನ್ನೊಬ್ಬನಿಗೆ ಅಡವಿಡುವುದು ಅದಕ್ಕೆ ಒಂದು ನಿದರ್ಶನ.

ಇನ್ನೊಂದು ಸಂಗತಿ ಕನ್ನಡ, ಸಂಸ್ಕೃತ ಬಲ್ಲ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹ. ಲ್ಯಾಟಿನ್ನಿನ ‘ಲಕೆರ್ಟುಸ್’ ಪದಕ್ಕೆ ಹಲ್ಲಿ ಎಂಬ ಅರ್ಥವಿರುವಂತೆಯೇ ಮೇಲ್ತೋಳಿನ ಸ್ನಾಯು ಎಂಬ ಅರ್ಥವೂ ಇದೆ. ತೋಳಿನ ಒಂದು ತಂತುಪೊರೆಯನ್ನು ಅಂಗರಚನಾಶಾಸ್ತ್ರ ಇಂದಿಗೂ ‘ಲಸರ್ಟಸ್ ಫೈಬ್ರೋಸಸ್’ ಎನ್ನುತ್ತದೆ. ಸಂಸ್ಕೃತದ ‘ಗೋಧಾ’ ಶಬ್ದಕ್ಕೆ ಉಡ ಎಂಬುದು ಒಂದು ಅರ್ಥವಾದರೆ, ಹೆದೆಯ ಪೆಟ್ಟು ತಾಗದಂತೆ ಬಿಲ್ಲುಗಾರನು ಎಡತೋಳಿಗೆ ಸುತ್ತಿಕೊಳ್ಳುವ ಚರ್ಮದ ಪಟ್ಟಿ ಎಂಬುದು ಮತ್ತೊಂದು. ಎರಡು ಭಾಷೆಗಳಲ್ಲೂ ಸರೀಸೃಪ ಮತ್ತು ತೋಳು ಒಂದೇ ಪದದಲ್ಲಿ ಸಂಧಿಸುತ್ತವೆ. ಇಷ್ಟರಿಂದಲೇ ಈ ಎರಡು ಪದಗಳಿಗೆ ನಂಟು ಕಲ್ಪಿಸಲಾಗದು. ಧ್ವನಿಯಲ್ಲಿ ಅವು ದೂರ, ಒಂದು ಸ್ನಾಯು, ಇನ್ನೊಂದು ಅದರ ಮೇಲಿನ ಕವಚ. ಹಲ್ಲಿಯಂತಿರುವ ಸಾಲಮ್ಯಾಂಡರ್ ಹಲ್ಲಿಯ ಕುಲಕ್ಕೆ ಸೇರದಂತೆ, ಹೋಲುವ ಪದಗಳೆಲ್ಲ ಒಂದೇ ಬೇರಿನವಲ್ಲ. ಸಾಮ್ಯವನ್ನೇ ಸಂಬಂಧವೆಂದು ತಿಳಿದು ಬರೆದ ನಿರುಕ್ತಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಶಬ್ದವ್ಯುತ್ಪತ್ತಿಯ ಹಾದಿ ಹಿಡಿಯುವ ಸಂಶೋಧಕರು ಎದುರಾದ ಪದಜೋಡಿ ಲ್ಯಾಸರ್ಟೈನೋ ಲ್ಯಾಸರ್ಟಿಲಿಯನ್ನೋ ಎಂದು ಮೊದಲು ಕೇಳಿಕೊಳ್ಳುವುದು ಒಳಿತು.