ಕೊನೆಯ ಪುಟದ ಹೆಸರು

ಏಳನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಹುಡುಗಿಯರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಹೂಬಳ್ಳಿಗಳ ನಡುವೆ, ಯಾವುದೋ ಹೆಸರಿನ ಮೊದಲಕ್ಷರ ಕಾಣಿಸಿಕೊಳ್ಳುತ್ತದೆ. ಅಷ್ಟಕ್ಕೇ, "ನಾಳೆಯಿಂದ ಇವಳನ್ನು ಕಳಿಸೋದಿಲ್ಲ ಟೀಚರ್" ಎಂದು ಕಣ್ಣೊರೆಸಿಕೊಳ್ಳುತ್ತ ಬಂದ ತಾಯಂದಿರನ್ನು ಕಂಡಿದ್ದೇನೆ.

ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಹುಡುಗಿಯ ಮೈ ಬದಲಾಗತೊಡಗುತ್ತದೆ, ಮನಸ್ಸು ಸುಮ್ಮನಿದ್ದೀತೆ? ಒಬ್ಬ ಹುಡುಗ ಇಷ್ಟವಾಗುವುದು ತಪ್ಪಲ್ಲ. ಗದರಿದರೆ ಆ ಇಷ್ಟ ಹೋಗುವುದಿಲ್ಲ. ನಿಮ್ಮ ಹತ್ತಿರ ಹೇಳಿಕೊಳ್ಳುವ ರೂಢಿ ಹೋಗುತ್ತದೆ. ಆ ರೂಢಿಯೇ ಅವಳಿಗೆ ಕಾವಲು. ಯಾರಾದರೂ ಫೋಟೋ ಕೇಳಿದರೆ, "ಮನೆಯಲ್ಲಿ ಹೇಳಬೇಡ" ಎಂದರೆ, ಅವಳು ಮೊದಲು ಓಡಿಬರಬೇಕಾದದ್ದು ನಿಮ್ಮ ಬಳಿಗೆ. 18 ತುಂಬದ ಮಕ್ಕಳಿಗಾಗಿ 2012ರ ಪೋಕ್ಸೊ ಕಾಯ್ದೆ ಇದೆ, 1098 ಸಹಾಯವಾಣಿ ಇದೆ. ಆದರೆ ಅಮ್ಮನೆದುರು ಬಾಯಿಬಿಡದ ಮಗು ಅಲ್ಲಿಯವರೆಗೆ ಹೋದೀತೆ?

ಹುಡುಗಿಯರಿಗೆ ನಾನು ಹೇಳುವುದಿಷ್ಟೆ: "ಇಷ್ಟವಾದರೆ ಆಗಲಿ ಮಗಳೇ. ಅದಕ್ಕಾಗಿ ಗೆಳತಿಯರನ್ನು ಬಿಡಬೇಡ, ಖೋಖೋ ಬಿಡಬೇಡ, ಬೇಡವೆನಿಸಿದ್ದಕ್ಕೆ ಹೂಂ ಅನ್ನಬೇಡ. ಅವನಿಗೆ ನೀನು ಇಷ್ಟವಾಗದಿದ್ದರೂ ನಿನ್ನ ಬೆಲೆ ಇಳಿಯುವುದಿಲ್ಲ."

ತಾಯಂದಿರೇ, ಶಾಲೆ ಬಿಡಿಸಬೇಡಿ. ಬೆಳಿಗ್ಗೆ ಜಡೆ ಹಾಕುವಾಗ ಹತ್ತು ನಿಮಿಷ ಅವಳ ಮಾತು ಕೇಳಿ. ನಡುವೆ ಬುದ್ಧಿವಾದ ಮಾತ್ರ ಬೇಡ.